ಮೂರು ದಿನದ ಹಡಗು

ಅವ್ವನಿಗೂ ನನಗೂ ಲಕ್ಷದ್ವೀಪದ ಹಡಗಿಗೆ ಟಿಕೆಟ್ ಹುಡುಕುತ್ತ ಕುಳಿತಿದ್ದೇನೆ. ಪಕ್ಕದಲ್ಲಿರುವ ಹಳೆಯ ಮಗ್ಗದ ಲಾಳಿಯ ಎಣ್ಣೆವಾಸನೆ ಇನ್ನೂ ಹೋಗಿಲ್ಲ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ, ಬನಹಟ್ಟಿಯ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಿತ್ತು. ಲಕ್ಷದ್ವೀಪಕ್ಕೆ ಹೋಗೋಣವೆಂದು ಜಮಖಂಡಿಯ ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವ್ವ ಕ್ಯಾಲೆಂಡರಿನ ಹಾಳೆಯ ಹಿಂದೆ ನನ್ನಿಂದ ಬರೆಸುತ್ತಿದ್ದಳು: ಕೊಚ್ಚಿಯಿಂದ ಹಡಗು, ಮೂರು ದಿನ, ಎರಡು ಸೀರೆ, ವಾಂತಿ ಬಂದರೆ ಲಿಂಬೆಹಣ್ಣು.

ಒಳಗೆ ಬಂದ ಅಪ್ಪ ಹಾಳೆಯನ್ನು ಓದಿ ಹರಿದ. "ಮೂರ ದಿನ ಮಗ್ಗ ನಿಂದರಸಿ ನೀರಾಗ ತೇಲಾಕ ಹೊಂಟಿ ಏನ ಲೇ?"

"ಮೂರ ದಿನಕ್ಕ ಮಗ್ಗ ಸಾಯಂಗಿಲ್ರಿ," ಎಂದಳು ಅವ್ವ.

ಅಪ್ಪ ಮಗ್ಗದಿಂದ ಲಾಳಿ ಕಿತ್ತು ಬೀಸಿ ಒಗೆದ. ಅದರ ಕಬ್ಬಿಣದ ಮೂತಿ ಅವಳ ಹಣೆ ಸೀಳಿ ಗೋಡೆಗೆ ಬಡಿಯಿತು. ಅವ್ವ ಅಳಲಿಲ್ಲ. ಸೆರಗಿನಿಂದ ರಕ್ತ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ದೊಡ್ಡ ಕತ್ತರಿ ಎತ್ತಿ, ಮಗ್ಗದಲ್ಲಿ ಉದ್ದಕ್ಕೆ ಬಿಗಿದಿದ್ದ ಹಾಸಿನ ನೂಲನ್ನು ಈ ಅಂಚಿನಿಂದ ಆ ಅಂಚಿಗೆ ಕತ್ತರಿಸಿದಳು. ಸಾವಿರಾರು ಕೆಂಪು ಎಳೆಗಳು ಟಪಟಪ ಕಡಿದು ಜೋತುಬಿದ್ದವು.

"ಹಾಸ ಕೊಯ್ದ್ಯಲ್ಲ ಬೇ, ಮಗ್ಗದ ಕುತಿಗಿ ಕೊಯ್ದಂಗಾತು," ಎನ್ನುತ್ತ ಒಳಬಾಗಿಲಲ್ಲಿ ನಿಂತಿದ್ದ ಅಜ್ಜಿ ನೆಲಕ್ಕೆ ಕುಸಿದಳು. ಮತ್ತೆ ಹೊಡೆಯಲು ಅಪ್ಪ ಎತ್ತಿದ ಕೈ ಹಾಗೇ ಉಳಿಯಿತು.

ಮರುದಿನದಿಂದ ಅವನು ಬಗ್ಗಿ ಕೂತು, ಎಳೆ ಜಾರದಂತೆ ಬೂದಿ ಹಚ್ಚಿದ ಬೆರಳುಗಳಿಂದ ಕಡಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದ. ಹಣೆಗೆ ಅರಿಷಿಣ ಮೆತ್ತಿಕೊಂಡ ಅವ್ವ ಹೊಸ್ತಿಲಲ್ಲಿ ಕೂತು ನೋಡಿದಳು. ಮೂರನೆಯ ಸಂಜೆ ಕೊನೆಯ ಎಳೆ ಕೂಡಿತು.

"ಇಷ್ಟೊತ್ತಿಗೆ ಹಡಗ ತಿರುಗಿ ಬಂದಿರತಿತ್ತು," ಎಂದಳು ಅವ್ವ.