ಕೈಕೆಳಗಿನವರು ಬರೆಯಬೇಕಾದ ಪುಟ

ಚಿದಾನಂದ ಕೊಟ್ಟ ಏಟಿಗೆ, ಅವನ ಕೈಕೆಳಗೆ ದುಡಿಯುವ ಜೀವಿತಾಳ ತುಟಿ ಒಡೆದು, ಮುಂದಿದ್ದ ಅವನ ಅರ್ಜಿಯ ಮೇಲೆ ರಕ್ತ ತೊಟ್ಟಿಕ್ಕಿತು. ಬಿಳಿಗೆರೆ ಬಳಿಯ ಆ ಕೊಬ್ಬರಿ ಪುಡಿ ಫ್ಯಾಕ್ಟರಿಗೆ ಅವನು ಸೂಪರ್‌ವೈಸರ್. ಈ ವರ್ಷ ಕಂಪನಿಯೇ ಫೀಸು ಕಟ್ಟಿ ಒಬ್ಬರನ್ನು ನಾಯಕತ್ವದ ಕೋರ್ಸಿಗೆ ಕಳಿಸುತ್ತಿತ್ತು; ಅವನೂ ಅದಕ್ಕೆ ಅರ್ಜಿ ತುಂಬಿದ್ದ. ಅರ್ಜಿಯ ಕೊನೆಯ ಪುಟವನ್ನು ಮಾತ್ರ ಅರ್ಜಿದಾರರ ಕೈಕೆಳಗೆ ದುಡಿಯುವವರೊಬ್ಬರು ಬರೆದು, ತಾವೇ ತಿಪಟೂರಿನ ಆಫೀಸಿಗೆ ಮುಟ್ಟಿಸಬೇಕಿತ್ತು.

"ನಾನು ಹೇಳ್ದಂಗೆ ಬರಿಯೇ! 'ಇವರು ಯಾರ ಮೇಲೂ ಕೈ ಮಾಡಿದವರಲ್ಲ' ಅಂತ ಬರಿ!" ಅವನು ಅವಳ ಜಡೆ ಹಿಡಿದು ಮುಖವನ್ನು ಮೇಜಿಗೆ ಕುಕ್ಕಿದ. ಕಾಯಿಯ ಕಂದು ಸಿಪ್ಪೆ ಹೆರೆಯುತ್ತಿದ್ದ ಹೆಂಗಸರು ತಲೆ ತಗ್ಗಿಸಿದರು. ಜೀವಿತಾ ತುಟಿ ಒರೆಸಿಕೊಂಡು ಪೆನ್ನು ಎತ್ತಿಕೊಂಡಳು. 'ಇವರು ಈಗ ತಾನೇ ನನಗೆ ಹೊಡೆದರು' ಎಂದು ಬರೆದಳು.

ಓದಿದವನೇ ಅವನು ಮತ್ತೆ ಕೈ ಎತ್ತಿದ. ಆ ಕೈಯನ್ನು, ಸಿಪ್ಪೆ ಹೆರೆಯುವ ಹೆಂಗಸರಲ್ಲೊಬ್ಬಳಾದ ಸಿದ್ದಗಂಗಮ್ಮ ಹಿಂದಿನಿಂದ ಬಿಗಿಯಾಗಿ ಹಿಡಿದಳು. ಹೋದ ತಿಂಗಳು ಅವನು ಒದ್ದಿದ್ದಕ್ಕೆ ಅವಳು ಇನ್ನೂ ಕುಂಟುತ್ತಿದ್ದಳು.

"ಹೊಡಿ ಕಣಪ್ಪ, ಅದನ್ನೂ ಬರೀತಾಳೆ. ಆಮೇಲೆ ನಾನು ಹೇಳೋದೂ ಐತೆ."

ಅವನು ಕೊಸರಾಡಿದ, ಅವಳು ಬಿಡಲಿಲ್ಲ. ಹೆಂಗಸರು ಕೈಯಲ್ಲಿದ್ದ ಚಾಕುಗಳನ್ನು ಕೆಳಗಿಡದೆಯೇ ಒಬ್ಬೊಬ್ಬರಾಗಿ ಎದ್ದು ಬಂದು ಮೇಜಿನ ಸುತ್ತ ನಿಂತರು.

ಜೀವಿತಾ ಮುಂದಿನ ಸಾಲಿಗೆ ಪೆನ್ನು ಊರಿ ತಲೆ ಎತ್ತಿದಳು. "ಪೂರ್ತಿ ಹೆಸರು ಬರೀಬೇಕಂತೆ ಸಾರ್. ನಿಮ್ಮ ಇನಿಷಿಯಲ್ ಏನು?"

ಚಿದಾನಂದ ಸುತ್ತಲಿನ ಮುಖಗಳನ್ನು ನೋಡಿದ. ಸಿದ್ದಗಂಗಮ್ಮನ ಹಿಡಿತದಲ್ಲೇ ಅವನ ಕೈ ಮೆಲ್ಲಗೆ ಕೆಳಗಿಳಿಯಿತು.

"ಟಿ.ಎಸ್.," ಎಂದ, ಕೇಳಿಸಿಯೂ ಕೇಳಿಸದಷ್ಟು ಸಣ್ಣ ದನಿಯಲ್ಲಿ.