ಕಣ್ಣು ಬರೆಯುವ ಹೊತ್ತು

"ಹನ್ನೆರಡಕ್ಕ ಸರಿಯಾಗಿ ಕಣ್ಣು ಬರೀಬೇಕ್ರಿ ಈಶಪ್ಪಾರ. ಹಿಂದ ಮುಂದ ಆಗಬಾರ್ದು," ಎಂದು ಕಾವಲುಗಾರ ಕೊಟ್ರೇಶ ಗೋದಾಮಿನ ಷಟರ್ ಎಳೆದು ಒಳಗಿನಿಂದ ಬೀಗ ಹಾಕಿದ. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಆಗ ಹನ್ನೊಂದೂವರೆ. ಅಂದರೆ ಲೋಕಕ್ಕೆ ಉಳಿದದ್ದು ಅರ್ಧ ತಾಸು.

ಗಂಗಾವತಿಯಿಂದ ಕನಕಗಿರಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕ, ಮುಚ್ಚಿಹೋದ ಅಕ್ಕಿ ಗಿರಣಿಯ ಗೋದಾಮು ಅದು. ಈಗ ಅದರ ಹೆಸರು ಯುಗಾಂತ ಪೀಠ. ಪೀಠದ ಅಪ್ಪಾರು ನಾಲ್ಕು ವರ್ಷದ ಹಿಂದೆ ಬರೀ ಗೋವಿಂದರಾಜನಾಗಿ ಸೈಟು ಮಾರುತ್ತಿದ್ದರು. ಈಗ ಮುಂದಿನ ಯುಗದಲ್ಲಿ ಜಾಗ ಕೊಡುತ್ತಿದ್ದರು. ಸೈಟಿಗೆ ಬಂದವರು ಕಾಗದಪತ್ರ ತೋರಿಸಿ ಎಂದು ತಲೆ ತಿನ್ನುತ್ತಿದ್ದರಂತೆ. ಇಲ್ಲಿಗೆ ಬಂದವರು ತಮ್ಮ ಹೊಲದ ಪತ್ರಗಳನ್ನೇ ತಂದು ಪಾದಕ್ಕೆ ಇಟ್ಟು ಹೋಗಿದ್ದರು.

ಈಶಪ್ಪ ಕಿನ್ನಾಳದ ಚಿತ್ರಗಾರ. ಅವನಿಗೆ ಅಪ್ಪಾರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅವರ ಆಳೆತ್ತರದ ಮರದ ಮೂರ್ತಿ ಮಾಡಲು ಒಪ್ಪಿದ್ದು ಹೆಂಡತಿಗಾಗಿ. ಹೋದ ವರ್ಷ ಮಗಳು ಶೈಲಜಾ ಡೆಂಗಿಯಲ್ಲಿ ತೀರಿಕೊಂಡ ಮೇಲೆ ಪಾರಮ್ಮ ಒಲೆ ಹಚ್ಚುವುದನ್ನೂ ಮರೆತಿದ್ದಳು. ಯಾರೋ ಅವಳನ್ನು ಇಲ್ಲಿಗೆ ಕರೆತಂದರು. "ನಿನ್ನ ಮಗಳು ಆಚಿ ದಂಡಿ ಮ್ಯಾಲ ಕುಂತಾಳವ್ವ. ಹೆರಳ ಹಾಕಾಕ ಅವ್ವ ಯಾವಾಗ ಬರ್ತಾಳ ಅಂತ ಕೇಳಾಕತ್ತಾಳ," ಎಂದರು ಅಪ್ಪಾರು. ಅವತ್ತಿನಿಂದ ಪಾರಮ್ಮ ಮನೆಗೆ ಕಾಲಿಟ್ಟಿರಲಿಲ್ಲ.

ಈಗ ಅವಳು ಮೊದಲ ಸಾಲಿನಲ್ಲಿದ್ದಳು. ಮಡಿಲಲ್ಲಿ ಮಗಳ ಕೆಂಪು ರಿಬ್ಬನ್ನು, ಕೈಯಲ್ಲಿ ತೀರ್ಥದ ಹಿತ್ತಾಳೆ ಲೋಟ. ಅವಳ ಹಿಂದೆ ನೂರಿಪ್ಪತ್ತು ಜನ, ನೂರಿಪ್ಪತ್ತು ಲೋಟ.

ಆ ತೀರ್ಥ ಎಂಥದ್ದೆಂದು ಈಶಪ್ಪನಿಗೆ ಬೆಳಿಗ್ಗೆಯೇ ತಿಳಿದುಹೋಗಿತ್ತು. ಹಿತ್ತಲಲ್ಲಿ ಹಂಡೆಯಿಂದ ಚೆಲ್ಲಿದ್ದನ್ನು ಕುಕ್ಕಿದ ಕೋಳಿ ನಾಲ್ಕು ಹೆಜ್ಜೆ ನಡೆದು ಕಾಲು ಚಾಚಿತ್ತು. ಅಲ್ಲೇ ಅಪ್ಪಾರ ಕಾರು ನಿಂತಿತ್ತು, ಹಿಂದಿನ ಸೀಟಿನಲ್ಲಿ ಎರಡು ಸೂಟ್‌ಕೇಸು. ಈಶಪ್ಪನ ಫೋನನ್ನು ಕೊಟ್ರೇಶ ಮೂರು ದಿನದ ಹಿಂದೆಯೇ ಕಿತ್ತುಕೊಂಡಿದ್ದ. ಅವನು ಓಡಿ ಬಂದು ಪಾರಮ್ಮನ ಕಿವಿಯಲ್ಲಿ ಹೇಳಿದರೆ ಅವಳು ಕೋಳಿಗೆ ಕೈ ಮುಗಿದಳು.

"ಅದರ ಪುಣ್ಯಾ ದೊಡ್ಡದು ಬಿಡ್ರಿ. ನಮಗಿಂತಾ ಮೊದಲ ಹೋತು."

ಒಂದು ಜೀವ ಹೋಗಿ ವರ್ಷವಾಗಿಲ್ಲ, ಇನ್ನೊಂದನ್ನೂ ಕಳಿಸಿ ಈಶಪ್ಪ ಯಾರ ಮುಖ ನೋಡಿಕೊಂಡು ಬದುಕಬೇಕು?

ಅಪ್ಪಾರು ಎದ್ದು ನಿಂತರು. "ಈ ಮೈ ನೆರಳೈತಿ. ಆ ಮರದಾಗ ಇರಾಂವ ನಿಜವಾದ ನಾನು. ಮರಾ ಹೆಂಗೋ, ನೆರಳು ಹಂಗ. ಮರಾ ಕಣ್ಣು ತೆರದ ಕೂಡ್ಲೆ ಲೋಕ ಮುಳಗತೈತಿ. ನೀವೆಲ್ಲಾ ತೀರ್ಥಾ ಕುಡೀರಿ. ನೆರಳು ಹಿಂದಿನ ಬಾಗಲಾ ಹಾದು ಕಾಲುವ್ಯಾಗ ಕರಗತೈತಿ."

ಜನ ಕೆನ್ನೆ ಬಡಿದುಕೊಂಡರು. ಕೊಟ್ರೇಶನ ಕಣ್ಣಲ್ಲಿ ನೀರು ಬಂತು. ಅವನು ಕಾವಲುಗಾರ ನಿಜ, ಆದರೆ ಅವನಷ್ಟು ನಂಬಿದವರು ಆ ಗೋದಾಮಿನಲ್ಲಿ ಇನ್ನೊಬ್ಬರಿರಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿತ್ತು. ಮೂರ್ತಿಯ ಸುತ್ತ ಪರದೆ ಎಳೆದರು. ಕಣ್ಣು ಬರೆಯುವಾಗ ಒಳಗೆ ಚಿತ್ರಗಾರನೊಬ್ಬನೇ ಇರಬೇಕು. ಅಲ್ಲಿಯವರೆಗೆ ಅದು ಬರೀ ಮರ, ಬರೆದ ಮೇಲೆ ದೇವರು. ಒಮ್ಮೆ ಬರೆದ ಕಣ್ಣನ್ನು ಬರೆದವನೂ ತಿದ್ದುವಂತಿಲ್ಲ. ಸುತ್ತಲ ಹತ್ತು ಹಳ್ಳಿಗಳ ದ್ಯಾಮವ್ವಂದಿರಿಗೆ ಅವನ ಮನೆತನ ಹೀಗೇ ಕಣ್ಣು ಬರೆದಿತ್ತು. ಕೂತವರೆಲ್ಲರಿಗೂ ಆ ಪದ್ಧತಿ ಗೊತ್ತಿತ್ತು.

ಬರೆಯಲಾರೆ ಎಂದರೆ ಅಪ್ಪಾರು ಬೇರೆ ನೆಪ ಹುಡುಕುತ್ತಾರೆ. ಈಶಪ್ಪ ಕುಂಚವನ್ನು ಕಾಡಿಗೆಯಲ್ಲಿ ಅದ್ದಿದ. ಎಡಕ್ಕೊಂದು ಬಾಗಿದ ಗೆರೆ. ಬಲಕ್ಕೊಂದು. ಕೆಳಗೆ ಸಣ್ಣ ರೆಪ್ಪೆಗೂದಲು.

ಪರದೆ ಸರಿಯಿತು.

ಮೂರ್ತಿಯ ಎರಡೂ ಕಣ್ಣು ಮುಚ್ಚಿದ್ದವು.

ಲೋಟಗಳು ತುಟಿಯ ಹತ್ತಿರ ಹೋಗಿ ಹಾಗೇ ನಿಂತವು.

"ಅಪ್ಪಾರು ಮಲಗ್ಯಾರ," ಈಶಪ್ಪ ಗಟ್ಟಿಯಾಗಿ ಹೇಳಿದ. "ಇವತ್ತ ಲೋಕ ಮುಳಗೂದಿಲ್ಲ. ಲೋಟ ಕೆಳಗಿಟ್ಟು ಎಲ್ಲಾರೂ ಮನಿಗೆ ನಡೀರಿ."

"ತಪ್ಪು ಬರದಾನ!" ಅಪ್ಪಾರ ದನಿ ಕೀರಲಾಯಿತು. "ಅಳಿಸಿ ಬರಸ್ರಿ ಅವನ ಕೈಲೆ!"

"ಬರದ ಕಣ್ಣು ತಿದ್ದಂಗಿಲ್ರಿ ಅಪ್ಪಾರ," ಎಂದ ಕೊಟ್ರೇಶ, ಭಾಳ ವಿನಯದಿಂದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕುಡಿಯಲಿಲ್ಲ. ಮೊದಲ ಸಾಲಿನಲ್ಲಿ ಪಾರಮ್ಮ ಲೋಟವನ್ನು ತುಟಿಯಿಂದ ಇಳಿಸಿದಳು. ಈಶಪ್ಪನಿಗೆ ಹೋದ ಜೀವ ಬಂದಂತಾಯಿತು. ಕಣ್ಣು ಮಂಜಾಯಿತು. ಅವಳು ಎದ್ದು ಅವನತ್ತಲೇ ಬರುತ್ತಿದ್ದಳು. ಮಗಳು ಹೋದಾಗಿನಿಂದ ಕಾಣದಿದ್ದ ಶಾಂತಿ ಅವಳ ಮುಖದಲ್ಲಿತ್ತು. ಅವನು ಕೈ ಚಾಚಿದ.

ಅಪ್ಪಾರು ಗೋಡೆ ಹಿಡಿದು ಮೆಲ್ಲಗೆ ಹಿಂಬಾಗಿಲ ಕಡೆ ಸರಿಯುತ್ತಿದ್ದರು. ಕೊಟ್ರೇಶ ಅವರಿಗಿಂತ ಮೊದಲೇ ಹೋಗಿ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದ.

"ಮರಾ ಕಣ್ಣು ಮುಚ್ಚೈತ್ರಿ ಅಪ್ಪಾರ. ನೆರಳು ಇನ್ನಾ ತೆರಕೊಂಡು ನಿಂತೈತಿ."

ನೂರಿಪ್ಪತ್ತು ಜನ ಒಟ್ಟಿಗೆ ಎದ್ದರು.

ಪಾರಮ್ಮ ಗಂಡನ ಚಾಚಿದ ಕೈಯನ್ನು ದಾಟಿ ಹೋದಳು. ತುಂಬಿದ ಲೋಟವನ್ನು ಅಪ್ಪಾರ ಬಾಯಿಗೆ ಹಿಡಿದು, ಕೂಸಿಗೆ ಹಾಲು ಕುಡಿಸುವಷ್ಟು ಮೆತ್ತಗೆ ಹೇಳಿದಳು: "ಕುಡೀರಿ ಅಪ್ಪಾರ. ನೀವು ಮುಂದ ಹೋಗಿ ನಮ್ಮ ಶೈಲಜಾಗ ಹೇಳ್ರಿ, ಅವ್ವ ಹಿಂದಿಂದನ ಬರಾಕತ್ತಾಳ ಅಂತ."