ಕಿಚ್ಚು ಮತ್ತು ಕುಕ್ಕರ್

“ಮರಾಠ್ಯಾಗ ಧ್ಯಾಸ ಅಂತಾರ, ನಾವು ಕಿಚ್ಚು ಅಂತೀವಿ. ಹಾಡಲಿಕ್ಕೆ ಕೂತಾಗ ಕುಕ್ಕರ್ ಸೀಟಿ ಹೊಡದ್ರೂ ಕೇಳಸಬಾರದು, ಅದು ಕಿಚ್ಚು. ಈ ಕೇತಕಿ ಹತ್ರ ಅದ,” ಎಂದು ಕೃಷ್ಣಾಜಿ ಮಾಸ್ತರರು ಎದುರು ಕುಳಿತ ಶಿಷ್ಯರಾದ ಕೇತಕಿ, ವಿಕಾಸ ಇಬ್ಬರಿಗೂ ಹೇಳಿ, ಕಣ್ಣು ಮುಚ್ಚಿ ಯಮನ್ ರಾಗ ಎತ್ತಿಕೊಂಡರು. ಅವರ ಹಿಂದೆ ಕುಳಿತು ಹೆಂಡತಿ ಇಂದೂ ಎಂದಿನಂತೆ ತಂಬೂರಿ ಮೀಟುತ್ತಿದ್ದರು. ಬಿಬವೇವಾಡಿಯ ಆ ಪುಟ್ಟ ಮನೆಯಲ್ಲಿ ಅಡುಗೆಮನೆ ಗೋಡೆಯಾಚೆಗೇ ಇತ್ತು.

ಕುಕ್ಕರ್ ಸೀಟಿ ಹೊಡೆಯಿತು. ಮಾಸ್ತರರು ಆಲಾಪ ನಿಲ್ಲಿಸದೆ ಒಂದು ಕಣ್ಣು ತೆರೆದು ಹಿಂದಕ್ಕೆ ಹೊರಳಿ, ಹೆಂಡತಿಗೆ ಅಡುಗೆಮನೆಯತ್ತ ಗದ್ದದಿಂದಲೇ ಸನ್ನೆ ಮಾಡಿದರು. ಮದುವೆಯಾದಾಗಿನಿಂದ ಆ ಸನ್ನೆಗೆ ತಂಬೂರಿ ಒರಗಿಸಿ ಏಳುತ್ತಿದ್ದ ಇಂದೂ ಇವತ್ತು ಏಳಲಿಲ್ಲ. ಕಣ್ಣು ಮುಚ್ಚಿ ಮೀಟುತ್ತಲೇ ಇದ್ದರು. ಸೀಟಿಯ ಮೇಲೆ ಸೀಟಿ. ಬೇಳೆ ಸೀದ ವಾಸನೆ ಬಂದಾಗ ಮಾಸ್ತರರ ಹಾಡೇ ನಿಂತಿತು.

“ಇಂದೂ, ಸೀಟಿ ಕೇಳಸಲಿಲ್ಲೇನು?”

“ಇಲ್ಲರಿ,” ಎಂದರು ಇಂದೂ, ಕಣ್ಣು ತೆರೆಯದೆ, ಮೀಟುವುದನ್ನೂ ನಿಲ್ಲಿಸದೆ.

“ವಯಸ್ಸಾತು ನೋಡ್ರಿ, ನಿಮ್ಮ ಕಾಕೂಗ ಕಿವಿ ಕೇಳಂಗಿಲ್ಲ,” ಎಂದು ಮಾಸ್ತರರು ನಕ್ಕರು. ಶಿಷ್ಯ ವಿಕಾಸನೂ ನಕ್ಕ. ಅವನ ಪಕ್ಕದಲ್ಲಿದ್ದ ಕೇತಕಿ ಮಾತ್ರ, ಯಾರೂ ಹೇಳದಿದ್ದರೂ, ಥಟ್ಟನೆ ಎದ್ದು ಗ್ಯಾಸ್ ಆರಿಸಲು ಹೋದಳು.

ಆಗ ಇಂದೂ ಕಣ್ಣು ತೆರೆದು, ಅಡುಗೆಮನೆಗೆ ಹೋಗುತ್ತಿದ್ದ ಕೇತಕಿಯನ್ನು ನೋಡಿದರು; ಅವರ ಬೆರಳು ತಂತಿ ತಪ್ಪಿತು.